ರಾಮನಾಥ ಮಾಸ್ತರರ ಕೆಮ್ಮು

ಶೆಟಗೇರಿಯ ಬಸ್‌ಸ್ಟಾಪಿನಲ್ಲಿ ಅಂಕೋಲೆಯ ಬಸ್ಸಿಗೆ ಕಾಯುತ್ತ ನಿಂತವರಿಗೆ ಆ ಕಾಲದಲ್ಲಿ ದ್ಯುತಿಸಂಶ್ಲೇಷಣೆ ಎಂದರೇನು ಎಂಬುದು ಚೆನ್ನಾಗಿ ಗೊತ್ತಿತ್ತು. ಶಾಲೆಯ ಮೆಟ್ಟಿಲು ಹತ್ತಿದವರಿಗೆ ಮಾತ್ರವಲ್ಲ, ತರಕಾರಿ ಬುಟ್ಟಿ ಇಳಿಸಿಕೊಂಡು ಕೂತ ಹೆಂಗಸರಿಗೂ ಗೊತ್ತಿತ್ತು. ಸ್ಟಾಪಿನ ಹಿಂದೆಯೇ ಹೈಸ್ಕೂಲು. ಅದರ ಮೂಲೆಯ ಕೋಣೆಯಲ್ಲಿ ಹತ್ತನೇ ಇಯತ್ತೆ. ಅಲ್ಲಿ ವಿಜ್ಞಾನ ಕಲಿಸುವವರು ರಾಮನಾಥ ನಾಯಕ ಮಾಸ್ತರರು. ಬಸ್ಸು ತಡವಾದ ದಿನ ಊರವರ ತಿಳುವಳಿಕೆ ಇನ್ನಷ್ಟು ಹೆಚ್ಚುತ್ತಿತ್ತು.

ಅಂಥ ಗಂಟಲು ಅವರದು. ಜುಲೈ ತಿಂಗಳ ಮಳೆ ತಗಡಿನ ಮಾಡಿನ ಮೇಲೆ ಬಡಿಯುವಾಗ ಉಳಿದ ಮಾಸ್ತರರೆಲ್ಲ ‘ಓದಿಕೊಳ್ಳಿ’ ಎಂದು ಹೇಳಿ ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ರಾಮನಾಥ ಮಾಸ್ತರರು ಮಾತ್ರ ಮಳೆಯ ಜೊತೆ ಜಿದ್ದಿಗೆ ಬಿದ್ದವರ ಹಾಗೆ ದನಿ ಏರಿಸುತ್ತಿದ್ದರು. ಇಪ್ಪತ್ತು ಚಿಲ್ಲರೆ ಮಳೆಗಾಲ ಹೀಗೆ ನಡೆಯಿತು. ದನಿಯೊಂದು ಖರ್ಚಾಗುವ ವಸ್ತು ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಅವರು ಕೇಳುತ್ತಿರಲಿಲ್ಲ.

ಇನ್ನೊಂದು ಚಾಳಿ ಇತ್ತು. ಮುಖ್ಯವಾದ ಮಾತೊಂದನ್ನು ಹೇಳುವ ಮೊದಲು ಅವರು ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮೊದಲನೆಯದು ಸಣ್ಣದು, ಎರಡನೆಯದು ಗಡಸು. ಸಾರಿಗೆ ಉಪ್ಪು ಕಮ್ಮಿ ಎನ್ನಲಿಕ್ಕೂ ನಿಮಗೆ ಕೆಮ್ಮಬೇಕೇ ಎಂದು ಹೆಂಡತಿ ಮಂದಾಕಿನಿ ಹಂಗಿಸುತ್ತಿದ್ದರು. ಕಾಲ ಕಳೆದಂತೆ ಆ ಕೆಮ್ಮು ಹೆಚ್ಚಾಯಿತು. ಎರಡು ಸಾವಿರದ ನಾಲ್ಕರ ಜೂನಿನಲ್ಲಿ ಶಾಲೆ ಶುರುವಾದ ವಾರವೇ, ಪಾಠದ ನಡುವೆ ದನಿ ಒಡೆದು ಗಾಳಿಯಾಯಿತು. ಮಕ್ಕಳು ನಕ್ಕರು. ಮಾಸ್ತರರೂ ನಕ್ಕರು, ಆದರೆ ನಗುವಿಗೂ ದನಿ ಬರಲಿಲ್ಲ.

ಮಂದಾಕಿನಿಯವರ ತವರು ಸದಾಶಿವಗಡ. ಅಲ್ಲಿಯವರಿಗೆ ಕಾಯಿಲೆ ಎಂದರೆ ಗೋವಾ. ಕಾಳಿ ಸೇತುವೆ ದಾಟಿ ಗಂಡನನ್ನು ಕರೆದುಕೊಂಡು ಹೋಗಿ ಅಲ್ಲಿಯ ಗಂಟಲಿನ ಡಾಕ್ಟರಿಗೆ ತೋರಿಸಿದರು. ಡಾಕ್ಟರು ಹೇಳುವುದನ್ನೆಲ್ಲ ಅವರೊಡನೆ ಕೊಂಕಣಿಯಲ್ಲಿ ಹೇಳಿದರು. ಕೊಂಕಣಿ ಅಷ್ಟಾಗಿ ಬರದ ಮಾಸ್ತರರು ಹೆಂಡತಿಯ ಮುಖವನ್ನೇ ನೋಡುತ್ತ ಕೂತರು, ಮುಖ ಸಪ್ಪಗಾದ್ದನ್ನು ನೋಡಿ ಅರ್ಧ ವಿಷಯ ತಿಳಿದುಕೊಂಡರು. ದನಿಯ ತಂತಿಯ ಮೇಲೆ ಗಂಟು ಬೆಳೆದಿದೆ. ದೀಪಾವಳಿ ಕಳೆದ ಮೇಲೆ ಕೊಯ್ದು ತೆಗೆಯಬೇಕು. ಜೀವಕ್ಕೆ ಭಯವಿಲ್ಲ. ಆಮೇಲೆ ಮಾತು ಎಷ್ಟು ಉಳಿಯುತ್ತದೆ ಎನ್ನುವುದನ್ನು ಮಾತ್ರ ಈಗಲೇ ಹೇಳಲಾಗದು. ಅಲ್ಲಿಯವರೆಗೆ ಕೂಗುವಂತಿಲ್ಲ, ದಿನಕ್ಕೆ ಸ್ವಲ್ಪವೇ ಮಾತು, ಅದೂ ಮೆತ್ತಗೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಮಾಸ್ತರರು ಕಿಟಕಿಯ ಹೊರಗೆ ನೋಡುತ್ತ ಒಂದೇ ವಿಷಯ ಯೋಚಿಸಿದರು. ಮಾರ್ಚಿನಲ್ಲಿ ಹತ್ತನೆಯವರಿಗೆ ಪರೀಕ್ಷೆ. ಹತ್ತಿರದ ಶಾಲೆಗಳಲ್ಲಿಯೂ ವಿಜ್ಞಾನದ ಮಾಸ್ತರರು ಸಾಲದೇ ಇದ್ದ ಕಾಲ ಅದು, ಬದಲಿಗೆ ಯಾರೂ ಸಿಗುವ ಹಾಗಿರಲಿಲ್ಲ. ಅದರ ಹಿಂದೆ ಇನ್ನೊಂದು ಹೆದರಿಕೆ ಇತ್ತು, ಅದನ್ನು ಅವರು ಮಂದಾಕಿನಿಗೂ ಹೇಳಲಿಲ್ಲ. ದನಿ ಇಲ್ಲದವನನ್ನು ಮಾಸ್ತರ ಎಂದು ಯಾರು ಕರೆಯುತ್ತಾರೆ? ಅವರಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಶಾಲೆಯ ಕಪಾಟಿನಲ್ಲಿ ಒಂದು ಓಎಚ್‌ಪಿ ಇತ್ತು. ಕೆಳಗಿನಿಂದ ಬೆಳಕು ಬಿಟ್ಟು, ಗಾಜಿನ ಮೇಲೆ ಇಟ್ಟ ಪಾರದರ್ಶಕ ಹಾಳೆಯ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸುವ ಪೆಟ್ಟಿಗೆ. ಯಾರೋ ಪುಣ್ಯಾತ್ಮರು ದಾನ ಕೊಟ್ಟಿದ್ದರು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚಿ, ಮಾರನೆಯ ದಿನ ಮತ್ತೆ ಬಟ್ಟೆ ಮುಚ್ಚಿ ಒಳಗಿಡುತ್ತಿದ್ದರು. ಮಾಸ್ತರರು ಅದನ್ನು ಹೊರಗೆ ತೆಗೆದರು. ಚಿತ್ರಗಳನ್ನು ಹಾಳೆಯ ಮೇಲೆ ತಾವೇ ಬರೆಯುವುದು, ಪಾಠವನ್ನು ಕ್ಯಾಸೆಟ್ಟಿನಲ್ಲಿ ತಮ್ಮ ದನಿಯಲ್ಲೇ ತುಂಬಿಡುವುದು, ತಾವು ಇಲ್ಲದಾಗ ಕ್ಯಾಸೆಟ್ಟು ಪಾಠ ಹೇಳಬೇಕು, ಯಾರಾದರೂ ಒಬ್ಬರು ಹಾಳೆ ಬದಲಿಸುತ್ತ ಹೋಗಬೇಕು ಎಂದು ಲೆಕ್ಕ ಹಾಕಿದರು. ಆ ಯಾರಾದರೂ ಎಂದರೆ ಶಾಲೆಯ ಪ್ಯೂನ್ ಮಾಸ್ತಮ್ಮ. ಗಂಟೆ ಹೊಡೆಯುವುದು, ನೀರು ತುಂಬುವುದು, ಜಗಳ ಬಿಡಿಸುವುದು ಎಲ್ಲ ಅವಳದೇ ಆದ್ದರಿಂದ ಇದೂ ಅವಳದೇ ಎಂದು ಹೆಡ್‌ಮಾಸ್ತರರು ತೀರ್ಮಾನ ಮಾಡಿದರು.

ಅಂಕೋಲೆಯ ಪೇಟೆಯಲ್ಲಿ ಗಿರಿಧರನ ಅಂಗಡಿ. ಟೇಪ್‌ರೆಕಾರ್ಡರ್ ರಿಪೇರಿ, ಮದುವೆ ಮುಂಜಿಗೆ ಮೈಕ್‌ಸೆಟ್ಟು, ಇತ್ತೀಚೆಗೆ ಒಂದು ಕಂಪ್ಯೂಟರೂ ಬಂದಿತ್ತು. ಅವನು ಮಾಸ್ತರರ ಹಳೆಯ ವಿದ್ಯಾರ್ಥಿ, ಹತ್ತನೆಯಲ್ಲಿ ಎರಡು ಸಲ ಕೂತವನು. ಮಧ್ಯಾಹ್ನ ಊಟದ ಹೊತ್ತಿಗೆ ಪೇಟೆಯ ಅಂಗಡಿಗಳೆಲ್ಲ ಬಾಗಿಲೆಳೆದುಕೊಂಡು ಸದ್ದಡಗಿದ ಮೇಲೆ, ಹಿಂದಿನ ಕೋಣೆಯ ಗೋಡೆಗೆ ಕೌದಿ ಇಳಿಬಿಟ್ಟು ಅವನು ಗುರುಗಳನ್ನು ಮೈಕಿನ ಮುಂದೆ ಕೂರಿಸುತ್ತಿದ್ದ.

ಮೊದಲ ದಿನದ ರೆಕಾರ್ಡಿಂಗ್ ಕೇಳಿ ಮಾಸ್ತರರಿಗೇ ನಾಚಿಕೆಯಾಯಿತು. ‘ಇಲ್ಲಿ ನೋಡಿ, ಇದು ಹೀಗೆ ಬಂದು ಇದಕ್ಕೆ ಸೇರುತ್ತದೆ.’ ಯಾವುದು, ಹೇಗೆ, ಯಾವುದಕ್ಕೆ? ಇಷ್ಟು ವರ್ಷ ಅರ್ಧ ಪಾಠವನ್ನು ತಮ್ಮ ಕೈಯೇ ಮಾಡುತ್ತಿತ್ತೆಂದೂ ಕ್ಯಾಸೆಟ್ಟಿಗೆ ಕೈ ಇಲ್ಲವೆಂದೂ ಅವರಿಗೆ ಅಂದು ತಿಳಿಯಿತು. ಮತ್ತೆ ಮೊದಲಿನಿಂದ ಶುರು. ನೋಡಿದರೆ ಗೊತ್ತಾಗುವುದನ್ನು ಹೇಳಬಾರದು, ಹೇಳಿದರೆ ಮಾತ್ರ ಗೊತ್ತಾಗುವುದನ್ನು ಹೆಸರು ಹಿಡಿದು ಹೇಳಬೇಕು. ಹೊಸ ಚಿತ್ರ ಬಿದ್ದ ಕೂಡಲೇ ಮಾತು ಶುರುಮಾಡಬಾರದು, ಕಣ್ಣು ಒಂದು ಸುತ್ತು ತಿರುಗಿ ಬರಲಿ. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಬೇಕು, ಹಿಂದಿನ ಬೆಂಚಿನವನಿಗೂ ಉತ್ತರ ಹುಡುಕಲು ಹೊತ್ತು ಬೇಕು. ಈ ಸುಮ್ಮನಿರುವ ಜಾಗಗಳನ್ನೆಲ್ಲ ಗಿರಿಧರ ಮೊದಲ ಸಲ ಕತ್ತರಿಸಿ ಬಿಸಾಡಿದ್ದ. ಅವನ ಉದ್ಯೋಗದಲ್ಲಿ ಸದ್ದು ನಿಂತಿತು ಎಂದರೆ ವೈರು ಸಡಿಲವಾಗಿದೆ ಎಂದೇ ಅರ್ಥ.

ಹೃದಯದ ಪಾಠಕ್ಕೆ ಮಾಸ್ತರರು ಒಂದರ ಮೇಲೊಂದು ಇಡುವ ಹಾಳೆಗಳನ್ನು ಮಾಡಿದರು. ಮೊದಲನೆಯದರಲ್ಲಿ ಬರೀ ಗೆರೆಯ ಹೃದಯ. ಅದರ ಮೇಲೆ ನೀಲಿ ಇಟ್ಟರೆ ಕೆಟ್ಟ ರಕ್ತ ಬರುವ ದಾರಿ, ಅದರ ಮೇಲೆ ಕೆಂಪು ಇಟ್ಟರೆ ಶುದ್ಧ ರಕ್ತ ಹೋಗುವ ದಾರಿ. ಬಡಿತದ ಸದ್ದಿಗೆ ಮಂದಾಕಿನಿಯವರ ಎದೆಯೇ ಬೇಕಾಯಿತು. ಮೈಕನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟು ಗಿರಿಧರ ಮರ್ಯಾದೆಯಿಂದ ಹೊರಗೆ ಹೋಗಿ ನಿಂತ. ಪ್ರತಿಧ್ವನಿಯ ಪಾಠಕ್ಕಾಗಿ, ಡಾಕ್ಟರ ಹತ್ತಿರ ಹೋಗಿ ಬರುವ ದಾರಿಯಲ್ಲಿ ಬೈತಖೋಲದ ಬಂದರಿನಲ್ಲಿ ಇಳಿದು, ಮೀನಿನ ಟ್ರಾಲರಿನ ಹಾರನ್ನು ಗುಡ್ಡಕ್ಕೆ ತಾಗಿ ತಿರುಗಿ ಬರುವುದನ್ನು ಟೇಪಿನಲ್ಲಿ ಹಿಡಿದುಕೊಂಡರು.

ದಿನದ ಮಾತನ್ನೆಲ್ಲ ಮಾಸ್ತರರು ಹೀಗೆ ಮೈಕಿಗೇ ಮುಡಿಪಾಗಿಟ್ಟರು. ಮನೆಯಲ್ಲಿ ಎಲ್ಲ ಕೈಸನ್ನೆ. ಮಂದಾಕಿನಿ ಕೆಲವು ವಾರ ತಡೆದುಕೊಂಡರು. ಒಂದು ದಿನ ಊಟ ಬಡಿಸುತ್ತ, ತಟ್ಟೆಯ ಕಡೆಗೇ ನೋಡುತ್ತ ಹೇಳಿದರು.

“ನನ್ ಹತ್ರ ಆಡೂ ಮಾತೆಲ್ಲ ಆ ಕ್ಯಾಸೆಟ್ಟಿಗೆ ತುಂಬಸ್ತ್ರಿ. ಆಪರೇಶನ್ ಆದ್ಮೇಲೆ ನಾ ಎಂತಾ ಕೇಳೂದು, ಹೃದಯದ ಪಾಠವಾ?”

ಮಾಸ್ತರರು ತುತ್ತು ಕೆಳಗಿಟ್ಟರು. ಎರಡು ಸಲ ಕೆಮ್ಮಿದರು. “ಸಾರು ಚಲೋ ಅದೆ” ಎಂದರು. ಮಾರನೆಯ ದಿನದ ರೆಕಾರ್ಡಿಂಗಿಗೆ ಅಂಗಡಿಗೆ ಹೋಗದೆ, ಮಧ್ಯಾಹ್ನವಿಡೀ ಹೆಂಡತಿಯ ಜೊತೆ ಮೆತ್ತಗೆ ಮಾತಾಡುತ್ತ ಜಗಲಿಯಲ್ಲಿ ಕೂತರು.

ಹಾಳೆ ಬದಲಿಸುವವರಿಗೆ ಒಂದು ಗುರುತು ಬೇಕಿತ್ತು. ಕ್ಯಾಸೆಟ್ಟಿನ ನಡುವೆ ಸದ್ದೊಂದು ಬಂದರೆ ಮುಂದಿನ ಹಾಳೆ ಇಡಬೇಕು, ಅಷ್ಟೇ. ಗಿರಿಧರನ ಅಂಗಡಿಯಲ್ಲಿ ಯಾವುದೋ ನಾಟಕದವರು ಬಿಟ್ಟುಹೋದ ರಬ್ಬರ್ ಹಾರನ್ನು ಇತ್ತು. ಒತ್ತಿದರೆ ‘ಪೋಂ’ ಎನ್ನುವುದು. ಇಷ್ಟು ಸ್ಪಷ್ಟವಾದ ಸದ್ದು ಮತ್ತೊಂದಿಲ್ಲ ಎಂದ ಗಿರಿಧರ. ಮಾಸ್ತರರೂ ಒಪ್ಪಿದರು. ಇಬ್ಬರೂ ಹುಟ್ಟಿದಾರಭ್ಯ ಇದೇ ಊರಿನಲ್ಲಿ ಮೀನು ತಿಂದವರು, ಆದರೂ ಆ ಹೊತ್ತಿಗೆ ಇಬ್ಬರ ಬುದ್ಧಿಯೂ ಎಲ್ಲಿ ಹೋಗಿತ್ತೋ.

ಚೌತಿಯ ರಜೆ ಕಳೆದ ಮೇಲೆ ಕ್ಯಾಸೆಟ್ಟಿನ ಪಾಠಕ್ಕೆ ಮೊದಲ ಪರೀಕ್ಷೆ ಇಟ್ಟರು. ಟೇಪಿನ ದನಿ ಇಡೀ ಕೋಣೆಗೆ ಸಾಲದೆಂದು ಅದನ್ನು ಶಾಲೆಯ ಪ್ರಾರ್ಥನೆಯ ಮೈಕ್‌ಸೆಟ್ಟಿಗೆ ಜೋಡಿಸಿದ್ದರು. ಅದರ ಇನ್ನೊಂದು ಸ್ಪೀಕರು ಗೇಟಿನ ಮೇಲೆ ರಸ್ತೆಯ ಕಡೆ ಬಾಯಿ ತೆರೆದುಕೊಂಡಿರುವುದು ಯಾರ ತಲೆಗೂ ಹೊಳೆಯಲಿಲ್ಲ. ಕಿಟಕಿಗೆ ಬಟ್ಟೆ ಕಟ್ಟಿದರು. ಮಾಸ್ತಮ್ಮ ಸೆರಗು ಸಿಕ್ಕಿಸಿಕೊಂಡು ಯಂತ್ರದ ಹತ್ತಿರ ನಿಂತಳು. ಕ್ಯಾಸೆಟ್ಟು ಶುರುವಾಯಿತು, ಮಾಸ್ತರರ ದನಿ ಹೃದಯದ ನಾಲ್ಕು ಕೋಣೆಗಳ ಮಾತೆತ್ತಿತು, ಆಮೇಲೆ ‘ಪೋಂ’ ಎಂದಿತು. ಮಾಸ್ತಮ್ಮ ಹಾಳೆಯನ್ನು ಅಲ್ಲೇ ಬಿಟ್ಟು ಬಾಗಿಲು ದಾಟಿ ಗೇಟಿನ ಕಡೆ ಓಡಿದಳು.

ಅವಳೊಬ್ಬಳೇ ಅಲ್ಲ. ಶಾಲೆಯ ಎದುರಿನ ಕೇರಿಯಿಂದ ಹೆಂಗಸರು ಪಾತ್ರೆ ಹಿಡಿದುಕೊಂಡು ಬಂದರು. ಅವರ ಹಿಂದೆ ಬೆಕ್ಕುಗಳು ಬಂದವು. ಬೆಲೇಕೇರಿಯಿಂದ ಮೊಪೆಡ್ಡಿನಲ್ಲಿ ಮೀನು ತರುವ ಜಟ್ಟ ದಿನಾ ಅದೇ ಹೊತ್ತಿಗೆ ಅದೇ ಸದ್ದು ಮಾಡಿಕೊಂಡು ಬರುತ್ತಿದ್ದ. ಕ್ಯಾಸೆಟ್ಟು ಇನ್ನೊಮ್ಮೆ ‘ಪೋಂ’ ಎಂದಾಗ ಸ್ವತಃ ಜಟ್ಟನೇ ಬಂದು, ತನ್ನ ಕೇರಿಯಲ್ಲಿ ವ್ಯಾಪಾರಕ್ಕೆ ಇಳಿದ ಹೊಸಬ ಯಾರು ಎಂದು ಗೇಟಿನಲ್ಲಿ ನಿಂತು ವಿಚಾರಿಸಿದ. ಹೆಡ್‌ಮಾಸ್ತರರು ಬಂದು ಎಲ್ಲರನ್ನೂ ಕಳಿಸುವ ಹೊತ್ತಿಗೆ ಹೃದಯದ ಪಾಠ ಮುಗಿದುಹೋಗಿತ್ತು. ಮಾಸ್ತಮ್ಮ ತಲೆ ತಗ್ಗಿಸಿ ಮಾಸ್ತರರ ಮುಂದೆ ನಿಂತಳು.

“ನಾ ಓಡ್ಲಿಲ್ಲ ಸರ್” ಎಂದಳು. “ನನ್ ಕಾಲೇ ಓಡ್ತು.”

ಮಾಸ್ತರರಿಗೆ ನಗು ತಡೆಯಲಾಗಲಿಲ್ಲ, ಸಿಟ್ಟು ಮಾಡಬೇಕಾದದ್ದು ತಮ್ಮ ಮೇಲೆಯೇ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಪಾಠಗಳನ್ನೆಲ್ಲ ಮತ್ತೆ ಹೇಳುವಷ್ಟು ಗಂಟಲು ಉಳಿದಿರಲಿಲ್ಲ. ಗಿರಿಧರ ಕಂಪ್ಯೂಟರಿನಲ್ಲಿ ಹಾರನ್ನನ್ನು ಮಾತ್ರ ಕತ್ತರಿಸಿ ತೆಗೆಯುತ್ತೇನೆ ಎಂದು ಧೈರ್ಯ ಕೊಟ್ಟ. ಹಾಗಿದ್ದರೆ ನನ್ನ ಈ ಹಾಳು ಕೆಮ್ಮನ್ನೂ ತೆಗೆದುಬಿಡು ಎಂದರು ಮಾಸ್ತರರು. ಕ್ಯಾಸೆಟ್ಟು ಕೇಳಿದಾಗಲೆಲ್ಲ ಅದು ಅವರಿಗೆ ಕಲ್ಲಿನಂತೆ ಹಲ್ಲಿಗೆ ಸಿಗುತ್ತಿತ್ತು. ಮುಂದೆ ತಾವು ಹೇಗಿದ್ದರೂ ಸರಿ, ಕ್ಯಾಸೆಟ್ಟಿನಲ್ಲಾದರೂ ತಮ್ಮ ಗಂಟಲು ಚೊಕ್ಕವಾಗಿರಲಿ ಎಂಬ ಆಸೆ. ಗಿರಿಧರ ಗುರುದಕ್ಷಿಣೆಯೆಂದು ಭಾವಿಸಿ ಪ್ರತಿಯೊಂದು ಕೆಮ್ಮನ್ನೂ ಹುಡುಕಿ ಹುಡುಕಿ ತೆಗೆದ. ಈಗ ದನಿ ಎಣ್ಣೆಯ ಹಾಗೆ ಹರಿಯುತ್ತಿತ್ತು.

ಎರಡನೆಯ ಪರೀಕ್ಷೆಯ ದಿನ ಗೇಟಿನ ಸ್ಪೀಕರಿನ ವೈರು ಕಿತ್ತಿಟ್ಟರು. ಹಾರನ್ನು ಇಲ್ಲದ್ದರಿಂದ, ಯಾವ ಮಾತಿಗೆ ಯಾವ ಹಾಳೆ ಇಡಬೇಕೆನ್ನುವುದನ್ನು ಮಾಸ್ತಮ್ಮನಿಗೆ ಮೊದಲೇ ಹೇಳಿಕೊಟ್ಟಿದ್ದರು. ಪಾಠ ನಡೆಯಿತು, ಆದರೆ ಸರಿಯಾಗಿ ನಡೆಯಲಿಲ್ಲ. ಮಾಸ್ತಮ್ಮ ಹಾಳೆ ಹಿಡಿದುಕೊಂಡು ಕೊನೆಯವರೆಗೂ ಕಾಯುತ್ತ ನಿಂತಳು. ಮಕ್ಕಳು ಪೆನ್ಸಿಲು ಎತ್ತಿದವರು ಎತ್ತಿಕೊಂಡೇ ಇದ್ದರು. ಕ್ಯಾಸೆಟ್ಟು ಮುಗಿದಾಗ ಪುಸ್ತಕಗಳಲ್ಲಿ ಒಂದೂ ಗೆರೆ ಬಿದ್ದಿರಲಿಲ್ಲ.  ಇಷ್ಟು ತಿಂಗಳು ಉಳಿಸಿದ ಮಾತೆಲ್ಲ ನೀರಿಗೆ ಹೋಯಿತೇ ಎಂದು ಮಾಸ್ತರರಿಗೆ ಅನ್ನಿಸಿತು. ಎಲ್ಲಿ ತಪ್ಪಾಯಿತು ಎಂದು ಕೈಸನ್ನೆಯಲ್ಲೇ ಕೇಳಿದರು.  ಕಡೆಗೆ ಎರಡನೆಯ ಬೆಂಚಿನ ಸ್ವಾತಿ ಎದ್ದು ನಿಂತಳು. ಕೂಲಿಯವರ ಮನೆಯ ಹುಡುಗಿ, ಹೆಚ್ಚು ಮಾತಾಡುವವಳಲ್ಲ.

“ಸರ್, ಕೆಮ್ಮು ಎಲ್ಲಿ ಹೋಯ್ತು?”

ಕೋಣೆಯಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಅದನ್ನೇ ಕೇಳಬೇಕೆಂದಿದ್ದರು.

“ನೀವು ಕೆಮ್ಮಿದ್ ಕೂಡ್ಲೆ ಬರೂ ಮಾತಿಗೆ ನಾವು ಗೆರೆ ಎಳೆಯೂದು. ಪರೀಕ್ಷೆಗೆ ಅಷ್ಟೇ ಓದೂದು. ನಮ್ಮಕ್ಕನೂ ಹಾಂಗೇ ಓದಿ ಪಾಸಾದ್ಲು” ಎಂದಳು ಸ್ವಾತಿ.

ಮಾಸ್ತಮ್ಮನೂ ಬಾಯಿ ಹಾಕಿದಳು. ವರಾಂಡದಲ್ಲಿ ಕೂತು ಇಷ್ಟು ವರ್ಷ ಕೇಳಿದ ಅವಳಿಗೂ ಕೆಮ್ಮು ಬಂದರೆ ಹೊಸ ವಿಷಯ ಬಂತೆಂದೇ ಲೆಕ್ಕವಂತೆ. ಕೆಮ್ಮಿದರೆ ಹಾಳೆ ಇಡುತ್ತಿದ್ದೆ, ನೀವು ಕೆಮ್ಮಲೇ ಇಲ್ಲ ಎಂದು ಅವಳು ತಪ್ಪನ್ನು ಮಾಸ್ತರರ ಮೇಲೆಯೇ ಹಾಕಿದಳು. ಮಾಸ್ತರರು ಕುರ್ಚಿಯಲ್ಲಿ ಕೂತುಬಿಟ್ಟರು. ಇಷ್ಟು ವರ್ಷ ತಮ್ಮ ಕುಂದೆಂದು ತಿಳಿದದ್ದನ್ನು ಮಕ್ಕಳು ಒಬ್ಬರಿಂದೊಬ್ಬರಿಗೆ, ಅಕ್ಕನಿಂದ ತಂಗಿಗೆ, ದಾಟಿಸಿಕೊಂಡು ಬಂದಿದ್ದರು. ನಾಚಿಕೆಯೂ ಆಯಿತು, ಸಂತೋಷವೂ ಆಯಿತು, ಯಾವುದು ಎಷ್ಟು ಎಂದು ಅವರಿಗೇ ತಿಳಿಯಲಿಲ್ಲ. ಅಂದೇ ಅಂಕೋಲೆಗೆ ಹೋಗಿ ಗಿರಿಧರನಿಗೆ ಕೆಮ್ಮನ್ನೆಲ್ಲ ಇದ್ದಲ್ಲೇ ತಿರುಗಿ ಇಡು ಎಂದರು. ಹಾರನ್ನು ಹೋಯಿತು, ಕೆಮ್ಮೇ ಗುರುತಾಗಿ ಉಳಿಯಿತು.

ದೀಪಾವಳಿಯಾಯಿತು, ಆಪರೇಶನ್ನೂ ಆಯಿತು. ಗಂಟು ಹೋಯಿತು, ಅದರ ಜೊತೆ ದನಿಯೂ ಹೋಯಿತು. ತಿಂಗಳುಗಟ್ಟಲೆ ಬಾಯಿ ತೆರೆದರೆ ಬರೀ ಗಾಳಿ. ಮುಂದೆ ಮೆಲ್ಲಗೆ ಪಿಸುಮಾತು ಬರಬಹುದು, ಮೊದಲಿನ ದನಿಯ ಆಸೆ ಬಿಡಿ ಎಂದರು ಡಾಕ್ಟರು. ಬಂದ ನೆಂಟರಿಷ್ಟರು ಒಳ್ಳೆಯ ಮನಸ್ಸಿನಿಂದಲೇ, ಯಾವುದಾದರೂ ಕಚೇರಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಅರ್ಜಿ ಹಾಕಿ ಎಂದು ಬುದ್ಧಿ ಹೇಳಿದರು. ಮಾಸ್ತರರು ತಲೆ ಆಡಿಸಿದರು. ಅರ್ಜಿ ಹಾಕಲಿಲ್ಲ, ಶಾಲೆಗೂ ಹೋಗಲಿಲ್ಲ. ಕ್ಯಾಸೆಟ್ಟು ಚೆನ್ನಾಗಿ ನಡೆಯುತ್ತಿದೆ ಎಂದು ಮಾಸ್ತಮ್ಮ ಮನೆಗೆ ಬಂದು ಹೇಳಿ ಹೋದಾಗ, ಅವರಿಗೆ ಆ ಕ್ಯಾಸೆಟ್ಟಿನ ಮೇಲೆ ಹೊಟ್ಟೆಕಿಚ್ಚಾಯಿತು. ತಮ್ಮ ದನಿ ತಮ್ಮನ್ನು ಬಿಟ್ಟು ದಿನಾ ಶಾಲೆಗೆ ಹೋಗುತ್ತಿತ್ತು.

ಜನವರಿ ಕೊನೆಗೆ ಮಂದಾಕಿನಿಯೇ ಇಸ್ತ್ರಿ ಮಾಡಿದ ಬಿಳಿ ಅಂಗಿ ತಂದು ಕೈಯಲ್ಲಿ ಕೊಟ್ಟರು. ಬಸ್‌ಸ್ಟಾಪಿನವರೆಗೆ ಜೊತೆಗೆ ಬಂದು, ಅಲ್ಲಿಂದ ಮುಂದೆ ನೀವೇ ಹೋಗಿ ಎಂದು ನಿಂತರು.

ಮೂಲೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕತ್ತಲು, ಗೋಡೆಯ ಮೇಲೆ ನೀಲಿ ಹೃದಯ, ಮೂಲೆಯಿಂದ ಅವರದೇ ದನಿ. ತಾವು ಇಷ್ಟು ಚೆನ್ನಾಗಿ ಮಾತಾಡುತ್ತಿದ್ದೆವೇ ಎಂದು ಹೊರಗೆ ನಿಂತ ಮಾಸ್ತರರಿಗೆ ಅನ್ನಿಸಿತು. ಪರೀಕ್ಷೆ ಹತ್ತಿರ ಬಂದಿದ್ದರಿಂದ ಪಾಠವನ್ನು ಎರಡನೆಯ ಸುತ್ತು ಹಾಕಿದ್ದರು. ‘ದೇಹದಿಂದ ಬಂದ ರಕ್ತ ಬಲ ಹೃತ್ಕರ್ಣಕ್ಕೆ ಸೇರುತ್ತದೆ. ಗೊತ್ತಾಯ್ತಾ?’ ಎಂದಿತು ದನಿ, ಆಮೇಲೆ ಸುಮ್ಮನಾಯಿತು. ಮಕ್ಕಳೆಲ್ಲ ಒಟ್ಟಾಗಿ, ಗೊತ್ತಾಯ್ತು ಸರ್ ಎಂದು ಟೇಪ್‌ರೆಕಾರ್ಡರಿಗೆ ಉತ್ತರ ಕೊಟ್ಟರು. ಮಾಸ್ತರರ ಕಣ್ಣು ತುಂಬಿತು. ಇಲ್ಲಿ ಇನ್ನು ತಮ್ಮ ಅಗತ್ಯವಿಲ್ಲ ಎಂದುಕೊಂಡು ತಿರುಗಲು ಹೆಜ್ಜೆ ಎತ್ತಿದರು.

“ಇಲ್ಲ ಸರ್” ಎಂದಿತು ಒಳಗಿನಿಂದ ಒಂದು ದನಿ. ಸ್ವಾತಿ ಎದ್ದು ನಿಂತು ಟೇಪ್‌ರೆಕಾರ್ಡರಿನ ಕಡೆಗೇ ನೋಡುತ್ತಿದ್ದಳು. “ನಂಗೆ ಗೊತ್ತಾಗ್ಲಿಲ್ಲ. ನೀವು ಬಲ ಅಂತ ಹೇಳ್ತ್ರಿ. ನೀಲಿ ಎಡಗಡೆ ಅದೆ.”

ಕ್ಯಾಸೆಟ್ಟಿಗೆ ಕಿವಿ ಇಲ್ಲ. ಅದು ಅವಳನ್ನು ದಾಟಿಕೊಂಡು ಮುಂದಿನ ಮಾತಿಗೆ ಹೋಯಿತು. ಹೋದ ಸಲವೂ ಅವಳಿಗೆ ಇದೇ ಅನುಮಾನ ಬಂದಿರಬೇಕು, ಕೇಳಲು ಯಾರೂ ಇಲ್ಲದೆ ಕೂತಿರಬೇಕು ಎಂದು ಮಾಸ್ತರರಿಗೆ ಹೊಳೆಯಿತು. ತಿರುಗಿದ ಕಾಲು ಒಳಗೆ ಬಂತು. ಟೇಪನ್ನು ನಿಲ್ಲಿಸಿದರು. ಮಕ್ಕಳು ದಡಬಡಿಸಿ ಎದ್ದರು, ಕೈಯಿಂದಲೇ ಕೂರಿಸಿದರು.

ಗೋಡೆಗೆ ಬೆನ್ನು ಕೊಟ್ಟು ಅವರು ಬೆಳಕಿನ ನಡುವೆ ಹೋಗಿ ನಿಂತರು. ಹೃದಯದ ಚಿತ್ರ ಅವರ ಬಿಳಿ ಅಂಗಿಯ ಮೇಲೆ ಬಿತ್ತು. ಎದೆಯ ಅಳತೆಗಿಂತ ಬಹಳ ದೊಡ್ಡದು, ತೋಳಿನವರೆಗೂ ಹರಡಿತು. ಅವರು ತಮ್ಮ ಬಲಗೈಯನ್ನು ಮೇಲಕ್ಕೆತ್ತಿ ಹಿಡಿದರು. ನೀಲಿ ಇದ್ದದ್ದು ಆ ಕೈಯ ಕಡೆಗೇ. ಇನ್ನೊಂದು ಕೈಯಿಂದ ಮಕ್ಕಳ ಕಡೆ ತೋರಿಸಿದರು, ಮತ್ತೆ ತಮ್ಮನ್ನು ತೋರಿಸಿಕೊಂಡರು. 

“ಹೋ” ಎಂದಳು ಸ್ವಾತಿ ನಿಧಾನಕ್ಕೆ. “ಅದು ನಮ್ಮ್ ಕಡೆ ಮುಖ ಮಾಡಿ ನಿಂತವರದ್ದು.”

ಮಾಸ್ತರರು ಹೌದೆಂದು ತಲೆ ಆಡಿಸಿದರು. ಆ ಮಾತನ್ನು ಇನ್ನೊಮ್ಮೆ ಗಟ್ಟಿ ಮಾಡಬೇಕೆಂದು, ದನಿ ಇಲ್ಲವೆನ್ನುವುದನ್ನೇ ಮರೆತು ಬಾಯಿ ತೆರೆದರು. ದನಿ ಬರಲಿಲ್ಲ. ಡಾಕ್ಟರು ಬೇಡವೆಂದಿದ್ದ ಕೆಮ್ಮು ಮಾತ್ರ ಬಂತು. ಮೊದಲು ಸಣ್ಣದು, ಆಮೇಲೆ ಗಡಸು.

ಕೋಣೆಯ ತಲೆಗಳೆಲ್ಲ ಒಟ್ಟಿಗೆ ಬಗ್ಗಿದವು. ಪೆನ್ಸಿಲುಗಳೆಲ್ಲ ಪುಸ್ತಕದ ಮೇಲೆ ಇಳಿದು, ಮುಂದಿನ ಮಾತಿಗೆ ಕಾಯುತ್ತ ನಿಂತವು. ಮಾಸ್ತಮ್ಮ ಕೆಮ್ಮು ಕೇಳಿದ್ದೇ ತಡ, ಹಿಂದೆ ಮುಂದೆ ನೋಡದೆ ಮುಂದಿನ ಹಾಳೆ ಇಟ್ಟಳು. ಮಾಸ್ತರರ ಅಂಗಿಯ ಮೇಲೆ ನೀಲಿಯ ಪಕ್ಕದಲ್ಲಿ ಕೆಂಪು ಹರಡಿತು. ಆಗ ಅವಳಿಗೆ ತಾನು ಮಾಡಿದ್ದು ಗೊತ್ತಾಗಿ ಬಾಯಿಗೆ ಸೆರಗು ಹಿಡಿದುಕೊಂಡಳು. ಮಕ್ಕಳು ನಕ್ಕರು, ಮಾಸ್ತರರೂ ಸದ್ದಿಲ್ಲದೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡರು.

ನಗು ನಿಂತರೂ ಪೆನ್ಸಿಲುಗಳು ಹಾಗೇ ಇದ್ದವು. ಮಾಸ್ತಮ್ಮ ಹೋಗಿ ಫ್ಯಾನು ಬಂದ್ ಮಾಡಿದಳು. ಕಿಟಕಿಯ ಹೊರಗೆ ಮಾತಾಡುತ್ತಿದ್ದವರಿಗೆ ಸುಮ್ಮನಿರಿ ಎಂದು ಗದರಿಸಿದಳು. ಮಾಸ್ತರರು ಮೊದಲ ಬೆಂಚಿನ ಹತ್ತಿರ ಬಂದು, ಬಗ್ಗಿ, ಗಾಳಿಯಂಥ ಪಿಸುಮಾತಿನಲ್ಲಿ ಒಂದು ವಾಕ್ಯ ಹೇಳಿದರು. ಮೊದಲ ಬೆಂಚಿನವರು ಅದನ್ನು ಹಿಂದಿನವರಿಗೆ ಹೇಳಿದರು, ಅವರು ಅವರ ಹಿಂದಿನವರಿಗೆ. ಕೊನೆಯ ಬೆಂಚು ಗೆರೆ ಎಳೆದು ಮುಗಿಸುವವರೆಗೆ ಮಾಸ್ತರರು ಕಾದರು, ಆಮೇಲೆ ಎರಡನೆಯ ವಾಕ್ಯ ಹೇಳಿದರು.